ಒಂದೆರಡು ಮನೆ ಬಾಡಿಗೆಗೆ ಕೊಟ್ಟವರು ಬನ್ನಿ: ಅಡ್ವಾನ್ಸ್, ಲೀಸ್, ರಿಪೇರಿ, ಖಾಲಿ ಮಾಡಿಸೋ ಕಷ್ಟ

ನಾಗರಭಾವಿ ಮೇಲ್ಮಹಡಿ

ನಮ್ಮದು ಥರ್ಟಿ ಫಾರ್ಟಿ ಸೈಟು. ಕೆಳಗೆ ನಾವಿದ್ದೇವೆ, ಮೇಲಿನ ಎರಡು ಮನೆ ಬಾಡಿಗೆಗೆ ಕೊಟ್ಟಿದ್ದೇವೆ. ಬೆಂಗಳೂರಿನ ಈ ಕಡೆ ಬೀದಿಗೆ ಬೀದಿಯೇ ಹೀಗಿದೆ. ನಮ್ಮ ಸೋದರಮಾವ ಈ ವರ್ಷ ನಿವೃತ್ತರಾದರು. ಪಿಎಫ್, ಗ್ರಾಚ್ಯುಟಿ ಎಲ್ಲ ಸುರಿದು ಮನೆ ಮೇಲೆ ಮನೆ ಕಟ್ಟಿಸಿ, ಬಾಡಿಗೆಯಲ್ಲೇ ಜೀವನ ಮಾಡೋಣ ಅಂತ ಹೊರಟಿದ್ದಾರೆ. ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ. ಗೊತ್ತಿರುವವರು ಸೇರಿಸಿ.

ಮೊದಲು ಲೆಕ್ಕ. ತಿಂಗಳಿಗೆ 20,000 ಬಾಡಿಗೆ ಬರುವ ಮನೆ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 2,40,000. ಆದರೆ ಒಬ್ಬರು ಹೋಗಿ ಇನ್ನೊಬ್ಬರು ಬರುವಷ್ಟರಲ್ಲಿ ಒಂದು ತಿಂಗಳು ಖಾಲಿ ಬೀಳುತ್ತದೆ. ಅಲ್ಲಿಗೆ 20,000 ಹೋಯಿತು. ಬಣ್ಣ, ನಲ್ಲಿ, ಗೀಸರ್, ಬಾಗಿಲಿನ ಬೀಗ, ಮೋಟರ್ ಅಂತ ಇನ್ನೊಂದು 30,000 ಇಟ್ಟುಕೊಳ್ಳಿ. ಆಸ್ತಿ ತೆರಿಗೆ ಏಳೆಂಟು ಸಾವಿರ. ಕೈಗೆ ಉಳಿಯುವುದು 1,80,000ದ ಆಸುಪಾಸು. ಆ ಮನೆ ಕಟ್ಟಲು 25 ಲಕ್ಷ ಆಯಿತು ಅಂದರೆ, ಅದೇ ದುಡ್ಡು ಶೇ 7ರ ಎಫ್‌ಡಿಯಲ್ಲಿ 1,75,000 ತರುತ್ತಿತ್ತು. ಬಾಡಿಗೆ ವರ್ಷ ವರ್ಷ ಏರುತ್ತದೆ, ಎಫ್‌ಡಿ ಬಡ್ಡಿ ಏರುವುದಿಲ್ಲ, ಅದು ನಿಜ. ಆದರೆ ಕಟ್ಟಡಕ್ಕೂ ವಯಸ್ಸಾಗುತ್ತದೆ. ರಾತ್ರಿ ಹನ್ನೊಂದಕ್ಕೆ ನೀರು ಬರ್ತಿಲ್ಲ ಅಂತ ಎಫ್‌ಡಿ ಯಾರನ್ನೂ ಎಬ್ಬಿಸುವುದಿಲ್ಲ.

ಆದರೂ ಬಾಡಿಗೆ ಮನೆ ಬೇಡ ಅಂತ ನಾನು ಹೇಳುತ್ತಿಲ್ಲ. ಸಣ್ಣ ಮಾಲೀಕರು ಮುಳುಗುವುದು ಬಾಡಿಗೆ ಕಡಿಮೆ ಬಂದದ್ದರಿಂದ ಅಲ್ಲ, ಅಡ್ವಾನ್ಸ್‌ನಿಂದ. ಇದು ನಾನು ಗಟ್ಟಿಯಾಗಿ ನಂಬಿರುವ ಮಾತು. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಹಳೇ ರೂಢಿ. ಈಗ ಬಹಳ ಕಡೆ ಐದಾರು ತಿಂಗಳಿಗೆ ಇಳಿದಿದೆ. ಆದರೂ ಲಕ್ಷದ ಮೇಲಿನ ಮಾತೇ. ಆ ದುಡ್ಡು ಬಂದ ಕೂಡಲೇ ಮಗಳ ಮದುವೆ ಸಾಲಕ್ಕೋ ಮೆಟ್ಟಿಲಿನ ಗ್ರಾನೈಟ್‌ಗೋ ಹೋಗಿಬಿಡುತ್ತದೆ. ಮುಂದೆ ಅವರು ಖಾಲಿ ಮಾಡ್ತೀವಿ ಅಂದಾಗ ಕೈಯಲ್ಲಿ ಏನೂ ಇರುವುದಿಲ್ಲ. ಹೊಸಬರ ಅಡ್ವಾನ್ಸ್ ಬಂದ ಮೇಲೆ ಹಳಬರಿಗೆ ಕೊಡೋಣ ಅಂತ ಶುರುವಾಗುತ್ತದೆ. ಹೊಸಬರು ಎರಡು ತಿಂಗಳು ಬರಲೇ ಇಲ್ಲ ಅಂದರೆ? ಹಳಬರು ಕೀಲಿ ಕೊಡುವುದಿಲ್ಲ, ಬಾಡಿಗೆಯೂ ಕೊಡುವುದಿಲ್ಲ. ಮನೆ ಬಾಗಿಲಲ್ಲಿ ಜಗಳ.

ಅಡ್ವಾನ್ಸ್ ನಮ್ಮ ದುಡ್ಡಲ್ಲ. ಬಾಡಿಗೆದಾರರು ನಮಗೆ ಬಡ್ಡಿಯಿಲ್ಲದೆ ಕೊಟ್ಟ ಸಾಲ ಅದು. ಬೇರೆ ಖಾತೆಯಲ್ಲಿ ಎಫ್‌ಡಿ ಮಾಡಿ, ಆ ರಸೀತಿಯನ್ನು ಕರಾರು ಪತ್ರದ ಜೊತೆಗೇ ಪಿನ್ ಮಾಡಿಟ್ಟುಬಿಡಬೇಕು. ಅದನ್ನು ಮುಟ್ಟದೆ ಮನೆ ನಡೆಸಲು ಆಗುವುದಿಲ್ಲ ಅನ್ನುವವರು ಮೂರು ಮನೆ ಬದಲು ಒಂದು ಮನೆ ಕಟ್ಟಿಸಲಿ.

ಕೆಂಗೇರಿ ಸುಮಾ

ನೂರಕ್ಕೆ ನೂರು ನಿಜ ಸರ್. ನಮ್ಮ ಎದುರು ಮನೆಯಲ್ಲಿ ಇದೇ ಆಗಿದೆ. ಮಾಲೀಕರು ಒಳ್ಳೆಯವರೇ. ಆದರೆ ಅಡ್ವಾನ್ಸ್ ವಾಪಸ್ ಕೊಡಲು ಚೀಟಿ ಎತ್ತಬೇಕಾಯಿತು.

ಯಲಹಂಕ ಫ್ಲ್ಯಾಟ್

ಅಡ್ವಾನ್ಸ್‌ಗಿಂತ ದೊಡ್ಡ ಗುಂಡಿ ಲೀಸ್. ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ, ಹೇಳ್ತೀನಿ. ಹತ್ತು, ಹದಿನೈದು, ಇಪ್ಪತ್ತು ಲಕ್ಷ ಒಟ್ಟಿಗೆ ಕೊಟ್ಟು ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇರುವುದು. ಅವಧಿ ಮುಗಿದ ಮೇಲೆ ಪೂರ್ತಿ ದುಡ್ಡು ವಾಪಸ್. ಹಳ್ಳಿ ಕಡೆ ಭೋಗ್ಯ ಅನ್ನುತ್ತಾರಲ್ಲ, ಹೆಚ್ಚುಕಡಿಮೆ ಅದೇ. ಬ್ಯಾಂಕ್ ಸಾಲ ತೀರಿಸಲು ಮಾಲೀಕರು ಇದಕ್ಕೆ ಒಪ್ಪುತ್ತಾರೆ. ವಾಪಸ್ ಕೊಡುವ ದಿನ ಆ ಮೊತ್ತ ಎಲ್ಲಿಂದ ಬರಬೇಕು ಅಂತ ಯಾರೂ ಯೋಚಿಸುವುದಿಲ್ಲ. ಇನ್ನೊಬ್ಬರನ್ನು ಲೀಸ್‌ಗೆ ಹುಡುಕುವುದೊಂದೇ ದಾರಿ.

ಇದರಲ್ಲಿ ಮಧ್ಯವರ್ತಿ ಕಂಪನಿಗಳದ್ದು ಇನ್ನೊಂದು ಕಥೆ. ನಮ್ಮ ಅಪಾರ್ಟ್‌ಮೆಂಟಿನಲ್ಲೇ ನಡೆದದ್ದು, ಹೆಸರು ಬೇಡ. ಮಾಲೀಕರು ಬೇರೆ ಊರಿನಲ್ಲಿದ್ದಾರೆ. ಒಂದು ಕಂಪನಿ ಬಂದು, ನಿಮ್ಮ ಮನೆ ನಾವು ನೋಡ್ಕೋತೀವಿ, ತಿಂಗಳು ತಿಂಗಳು ಬಾಡಿಗೆ ಹಾಕ್ತೀವಿ ಅಂತ ಕರಾರು ಮಾಡಿಕೊಂಡಿತು. ಕೆಲವು ತಿಂಗಳು ಬಾಡಿಗೆ ಸರಿಯಾಗಿ ಬಂತು. ಆಮೇಲೆ ನಿಂತಿತು. ಫೋನ್ ಎತ್ತುವವರಿಲ್ಲ. ಮಾಲೀಕರು ಬಂದು ಬಾಗಿಲು ತಟ್ಟಿದರೆ ಒಳಗಿನಿಂದ ವಯಸ್ಸಾದ ದಂಪತಿ ಬಂದರು. ಕೈಯಲ್ಲಿ ಲೀಸ್ ಪತ್ರ. ಕಂಪನಿಗೆ ಅವರು ಹದಿನೈದು ಲಕ್ಷ ಕೊಟ್ಟಿದ್ದಾರೆ, ಮೂರು ವರ್ಷ ಬಾಡಿಗೆ ಕೇಳುವ ಹಾಗಿಲ್ಲ. ಆ ದುಡ್ಡಿನ ವಿಷಯ ಮಾಲೀಕರಿಗೆ ಗೊತ್ತೇ ಇಲ್ಲ. ಇಬ್ಬರೂ ಮೋಸ ಹೋದವರೇ, ಆದರೆ ಒಬ್ಬರ ಎದುರು ಇನ್ನೊಬ್ಬರು ನಿಲ್ಲಬೇಕಾಯಿತು. ದಂಪತಿಗೆ ಅದು ಊರಿನ ಜಮೀನು ಮಾರಿದ ದುಡ್ಡು. ಅವರನ್ನು ಎಬ್ಬಿಸಿ ಅನ್ನಲು ಅಸೋಸಿಯೇಷನ್‌ನಲ್ಲಿ ಯಾರಿಗೂ ಬಾಯಿ ಬರಲಿಲ್ಲ.

ಮಾಲೀಕರು ಸಹಿ ಹಾಕಿದ್ದ ಕರಾರು ತೆಗೆದು ನೋಡಿದೆವು. ಮನೆಯನ್ನು ಯಾವ ರೀತಿಯಲ್ಲಾದರೂ ಬೇರೆಯವರಿಗೆ ಕೊಡುವ ಅಧಿಕಾರ ಕಂಪನಿಗಿದೆ ಅಂತ ಒಂದು ಸಾಲು, ಐದನೇ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ.

ನಿಮ್ಮ ಮನೆಯಲ್ಲಿ ಯಾರಿದ್ದಾರೆ, ಅವರು ಎಷ್ಟು ದುಡ್ಡು ಯಾರಿಗೆ ಕೊಟ್ಟಿದ್ದಾರೆ ಅಂತ ನೀವೇ ಹೋಗಿ ಕೇಳಿ. ವರ್ಷಕ್ಕೊಂದು ಸಲವಾದರೂ.

ಸಿವಿಲ್ ಕೋರ್ಟ್ ಕಡೆಯವನು

ವಕೀಲಿಕೆ ಮಾಡುತ್ತೇನೆ. ಬಾಡಿಗೆ ಕೇಸುಗಳೇ ಜಾಸ್ತಿ. ಮೇಲಿನ ಮಾತುಗಳಿಗೆ ಕಾನೂನಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

ಬಹಳ ಜನ ರೆಂಟ್ ಕಂಟ್ರೋಲ್ ಅಂತ ಹೆದರುತ್ತಾರೆ. ಕರ್ನಾಟಕ ಬಾಡಿಗೆ ಕಾಯ್ದೆ 1999 ಇದೆ, ನಿಜ. ಆದರೆ ದೊಡ್ಡ ನಗರಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದರೆ, ಉಳಿದ ಊರುಗಳಲ್ಲಿ 2,000 ದಾಟಿದರೆ ಆ ಕಾಯ್ದೆ ಅನ್ವಯವಾಗುವುದಿಲ್ಲ. ಇವತ್ತು ಬೆಂಗಳೂರಿನಲ್ಲಿ 3,500ಕ್ಕೆ ಯಾವ ಮನೆ ಸಿಗುತ್ತದೆ? ಹಾಗಾಗಿ ನಿಮ್ಮದು ಬಹುಪಾಲು 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಕೆಳಗೆ ಬರುತ್ತದೆ. ತಿಂಗಳ ಬಾಡಿಗೆಯ ಮನೆ ಖಾಲಿ ಮಾಡಿಸಬೇಕಾದರೆ, ಕರಾರಿನಲ್ಲಿ ಬೇರೆ ಬರೆದಿಲ್ಲದಿದ್ದರೆ, 106ನೇ ಕಲಂ ಪ್ರಕಾರ 15 ದಿನದ ನೋಟಿಸ್ ಕೊಡಬೇಕು. ಆಮೇಲೂ ಹೋಗದಿದ್ದರೆ ದಾವೆ. ಬೆಂಗಳೂರಿನಲ್ಲಿ ಇಂಥವು ಸ್ಮಾಲ್ ಕಾಸಸ್ ಕೋರ್ಟಿಗೆ ಹೋಗುತ್ತವೆ. ಕಾನೂನು ನಿಮ್ಮ ಕಡೆ ಇದ್ದರೂ ಕಾಲ ನಿಮ್ಮ ಕಡೆ ಇರುವುದಿಲ್ಲ. ಅದಕ್ಕೇ ಒಳಗೆ ಬಿಡುವಾಗಲೇ ನೋಡಿ ಬಿಡಿ ಅನ್ನುವುದು.

ಹನ್ನೊಂದು ತಿಂಗಳ ಕರಾರು ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸಲೇಬೇಕು, ಅದಕ್ಕೆ. ಮೂರು ವರ್ಷದ ಲೀಸ್ ಪತ್ರವನ್ನು ಸುಮ್ನೆ ಸ್ಟ್ಯಾಂಪ್ ಪೇಪರ್ ಮೇಲೆ ಬರೆದು ನೋಟರಿ ಮಾಡಿಸಿ ಇಟ್ಟುಕೊಳ್ಳುತ್ತಾರಲ್ಲ, ಕೋರ್ಟಿನಲ್ಲಿ ಅದರ ಷರತ್ತುಗಳನ್ನು ಆಧಾರ ಮಾಡಿಕೊಳ್ಳಲು ಹೋದರೆ ನಿಲ್ಲುವುದಿಲ್ಲ. ಲೀಸ್ ಕೊಡುವವರು, ತೆಗೆದುಕೊಳ್ಳುವವರು ಇಬ್ಬರಿಗೂ ಹೇಳುತ್ತಿದ್ದೇನೆ: ನೋಂದಣಿ ಖರ್ಚು ಉಳಿಸಲು ಹೋಗಬೇಡಿ.

ಇನ್ನೊಂದು ಭಯ: ಹನ್ನೆರಡು ವರ್ಷ ಇದ್ದರೆ ಮನೆ ಬಾಡಿಗೆದಾರರದ್ದೇ ಆಗಿಬಿಡುತ್ತೆ ಅಂತ. ಹಾಗಿಲ್ಲ. ನಿಮ್ಮ ಅನುಮತಿಯಿಂದ ಒಳಗೆ ಬಂದವರು ಬಾಡಿಗೆದಾರರಾಗಿ ಇರುವಷ್ಟು ಕಾಲ ಪ್ರತಿಕೂಲ ಸ್ವಾಧೀನ, ಅಂದರೆ ಬಹಳ ವರ್ಷ ಇದ್ದೇವೆ ಹಾಗಾಗಿ ಮನೆ ನಮ್ಮದೇ ಅನ್ನುವ ಹಕ್ಕು, ಹೇಳಲು ಬರುವುದಿಲ್ಲ, ಮಾಲೀಕರ ಹಕ್ಕನ್ನೇ ಅಲ್ಲಗಳೆಯಲೂ ಬರುವುದಿಲ್ಲ. ಆದರೆ ಬಾಡಿಗೆ ಸಂಬಂಧ ಇತ್ತು ಅನ್ನುವುದಕ್ಕೆ ನಿಮ್ಮ ಹತ್ತಿರ ದಾಖಲೆ ಬೇಕಲ್ಲ? ಬಾಯಿ ಮಾತಲ್ಲಿ ಕೊಟ್ಟು, ನಗದಿನಲ್ಲಿ ಬಾಡಿಗೆ ತೆಗೆದುಕೊಂಡು, ರಸೀತಿಯೂ ಕೊಡದ ಮಾಲೀಕರೇ ಇಲ್ಲಿ ಸಿಕ್ಕಿಕೊಳ್ಳುವುದು. ತೆರಿಗೆ ಉಳಿಸಲು ನಗದು ಕೇಳುತ್ತಾರೆ. ಕೇಸು ಬಿದ್ದಾಗ ಒಂದು ಬ್ಯಾಂಕ್ ಎಂಟ್ರಿಯೂ ಇರುವುದಿಲ್ಲ.

ಕೊನೆಯದು, ಬಹಳ ಮುಖ್ಯ. ಬಾಡಿಗೆ ಕೊಡಲಿಲ್ಲ ಅಂತ ನೀರು, ಕರೆಂಟು ಕಟ್ ಮಾಡಬೇಡಿ. ಬೀಗ ಬದಲಿಸಬೇಡಿ. ಕಾನೂನಿನ ದಾರಿ ಬಿಟ್ಟು ಹೊರಗೆ ಹಾಕಿದರೆ, ಸ್ಪೆಸಿಫಿಕ್ ರಿಲೀಫ್ ಆಕ್ಟ್ 1963ರ 6ನೇ ಕಲಂ ಅಡಿ ಆರು ತಿಂಗಳೊಳಗೆ ಅವರು ದಾವೆ ಹಾಕಿ ಮತ್ತೆ ಒಳಗೆ ಬರಬಹುದು. ಮನೆ ಯಾರದ್ದು ಅನ್ನುವ ಪ್ರಶ್ನೆಯೇ ಅಲ್ಲಿ ಬರುವುದಿಲ್ಲ. ಆರು ತಿಂಗಳ ಬಾಡಿಗೆ ಬಾಕಿ ಇದ್ದವರೂ ಅಲ್ಲಿಗೆ ನೊಂದವರಾಗಿ ಬರುತ್ತಾರೆ, ನೀವು ದೌರ್ಜನ್ಯ ಮಾಡಿದವರಾಗಿ ನಿಲ್ಲುತ್ತೀರಿ.

ಕೆಂಗೇರಿ ಸುಮಾ

ಸರ್, ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ಅಂತ ಬಂತಲ್ಲ, ಅಡ್ವಾನ್ಸ್ ಎರಡೇ ತಿಂಗಳು ಅಂತ?

ಸಿವಿಲ್ ಕೋರ್ಟ್ ಕಡೆಯವನು

2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ್ದು ಮೇಡಂ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡ ಅಂತ ಅದರಲ್ಲಿದೆ. ಆದರೆ ಅದು ಮಾದರಿ ಅಷ್ಟೇ. ರಾಜ್ಯ ತನ್ನ ಕಾಯ್ದೆಯಾಗಿ ತಂದರೆ ಮಾತ್ರ ಜಾರಿ.

ಹತ್ತಾರು ಮನೆ ಕಂಡ ಬಾಡಿಗೆದಾರ

ಈ ಕಡೆಯಿಂದಲೂ ಒಂದು ಮಾತು ಹೇಳಲೇಬೇಕು. ಮಾಲೀಕರ ಕಷ್ಟ ಅರ್ಥವಾಗುತ್ತದೆ. ಆದರೆ ಅರ್ಧ ಜಗಳ ಶುರುವಾಗುವುದು ಬಣ್ಣದ ದುಡ್ಡಿನಿಂದ. ಹನ್ನೊಂದು ತಿಂಗಳು ಇದ್ದರೂ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ, ಆರು ವರ್ಷ ಇದ್ದರೂ ಒಂದು ತಿಂಗಳು. ಬಣ್ಣ ಹೊಡೆಸುತ್ತಾರಾ? ನಾನು ಬಿಟ್ಟ ಒಂದು ಮನೆಗೆ ಮುಂದಿನ ವಾರವೇ ಹೊಸಬರು ಬಂದರು. ಗೋಡೆಯಲ್ಲಿ ನನ್ನ ಮಗಳ ಪೆನ್ಸಿಲ್ ಗೀಟು ಹಾಗೇ ಇತ್ತಂತೆ. ನಮ್ಮ 22,000 ಹೋದದ್ದು ಮಾತ್ರ ನಿಜ.

ಗೋಡೆ ಮಾಸುವುದು, ಮೊಳೆ ತೂತು, ನಲ್ಲಿ ವಾಷರ್ ಸವೆಯುವುದು ಇದೆಲ್ಲ ಮನೆಯಲ್ಲಿ ಜನ ಬದುಕಿದ್ದಕ್ಕೆ ಆಗುವ ಸವೆತ. ಸಿಂಕ್ ಒಡೆದಿದ್ದರೆ, ಬಾಗಿಲು ಮುರಿದಿದ್ದರೆ ನಾವು ಕೊಡೋಣ. ಒಳಗೆ ಬರುವ ದಿನವೇ ಇಬ್ಬರೂ ಸೇರಿ ಕೋಣೆ ಕೋಣೆಯ ಫೋಟೋ, ವಿಡಿಯೋ ತೆಗೆದು ವಾಟ್ಸಾಪ್‌ನಲ್ಲಿ ಹಾಕಿಕೊಂಡರೆ ಮುಕ್ಕಾಲು ಪಾಲು ಜಗಳವೇ ಇರುವುದಿಲ್ಲ. ಮೀಟರ್ ರೀಡಿಂಗ್ ಕೂಡ.

ಇನ್ನೊಂದು. ಹೇಳದೆ ಕೇಳದೆ ಒಳಗೆ ಬರುವುದು, ಯಾರು ಬಂದರು ಯಾರು ಹೋದರು ಅಂತ ಮೆಟ್ಟಿಲ ಮೇಲೆ ಕೂತು ಕೇಳುವುದು, ಏನು ಅಡುಗೆ ಅಂತ ವಿಚಾರಿಸುವುದು. ಇದರಿಂದ ಒಳ್ಳೆಯ ಬಾಡಿಗೆದಾರರು ಮೊದಲು ಹೋಗುತ್ತಾರೆ. ಅವರಿಗೆ ಬೇರೆ ಮನೆ ಬೇಗ ಸಿಗುತ್ತದೆ.

ನಾಗರಭಾವಿ ಮೇಲ್ಮಹಡಿ

ಒಪ್ಪುತ್ತೇನೆ ಅಣ್ಣ. ನಾವು ಬಣ್ಣದ ದುಡ್ಡು ಇರುವ ಅವಧಿಗೆ ತಕ್ಕ ಹಾಗೆ ಬರೆಸುತ್ತೇವೆ. ಮೂರು ವರ್ಷ ದಾಟಿದರೆ ನಮ್ಮ ಖರ್ಚೇ. ಅಷ್ಟು ದಿನ ಬಾಡಿಗೆ ಕೊಟ್ಟವರಿಂದ ಮತ್ತೆ ಏನು ಮುರಿಯುವುದು? ಒಳ್ಳೆಯ ಬಾಡಿಗೆದಾರರು ಇನ್ನೊಂದು ವರ್ಷ ಇದ್ದರೆ ಒಂದು ತಿಂಗಳ ಖಾಲಿ, ಬ್ರೋಕರ್ ಕಮಿಷನ್ ಎರಡೂ ಉಳಿಯುತ್ತವೆ. ಬಾಡಿಗೆಯಲ್ಲಿ ಸಾವಿರ ಕಮ್ಮಿ ಆದರೂ ಲಾಭವೇ.

ಆರ್‌ಸಿಸಿ ಮೇಸ್ತ್ರಿ

ಕಟ್ಟುವ ಕಡೆಯವನಾಗಿ ಹೇಳುತ್ತೇನೆ. ಮಾಲೀಕರ ದುಡ್ಡು ಅತಿ ಹೆಚ್ಚು ಹೋಗುವುದು ಮೇಲಿನ ಮನೆಯ ಬಾತ್‌ರೂಮಿನಿಂದ. ಬಾತ್‌ರೂಮಿನ ಮೋಲ್ಡನ್ನು, ಅಂದರೆ ಕೆಳಗಿನ ಕಾಂಕ್ರೀಟ್ ಹಾಸನ್ನು, ಉಳಿದ ನೆಲಕ್ಕಿಂತ ತಗ್ಗಿಗೆ ಹಾಕುತ್ತೇವೆ. ಆ ತಗ್ಗಿನಲ್ಲಿ ಪೈಪು ಓಡಿಸಿ, ಇಟ್ಟಿಗೆ ಚೂರು ತುಂಬಿ, ಮೇಲೆ ಟೈಲ್ಸ್. ಟೈಲ್ಸ್ ಸಂದಿಯ ಸಿಮೆಂಟ್ ಹೋದರೆ ಅಥವಾ ಒಂದು ಪೈಪಿನ ಜಾಯಿಂಟ್ ಬಿಟ್ಟರೆ ನೀರು ಆ ತಗ್ಗಿನಲ್ಲೇ ನಿಲ್ಲುತ್ತದೆ. ಮೇಲಿನವರಿಗೆ ಗೊತ್ತೇ ಆಗುವುದಿಲ್ಲ. ಕೆಳಗಿನ ಮನೆಯ ಸೀಲಿಂಗಿನಲ್ಲಿ ಮೊದಲು ಹಳದಿ ಕಲೆ, ಆಮೇಲೆ ಬಣ್ಣ ಉಬ್ಬುತ್ತದೆ, ಕೊನೆಗೆ ಪ್ಲಾಸ್ಟರ್ ಹಪ್ಪಳದ ಹಾಗೆ ಎದ್ದು ಬೀಳುತ್ತದೆ. ಒಳಗಿನ ಕಬ್ಬಿಣಕ್ಕೆ ತುಕ್ಕು.

ಮಾಲೀಕರು ಏನು ಮಾಡುತ್ತಾರೆ? ಕೆಳಗಿನ ಸೀಲಿಂಗಿಗೆ ಪುಟ್ಟಿ ಹಾಕಿ ಬಣ್ಣ ಬಳಿಸುತ್ತಾರೆ. ಮುಂದಿನ ವರ್ಷ ಮತ್ತೆ ಅದೇ. ಮೇಲಿನ ಟೈಲ್ಸ್ ಎಬ್ಬಿಸಿ, ಪೈಪು ನೋಡಿ, ವಾಟರ್‌ಪ್ರೂಫಿಂಗ್ ಮಾಡಿ, ಎರಡು ದಿನ ನೀರು ನಿಲ್ಲಿಸಿ ನೋಡಿ, ಆಮೇಲೆ ಟೈಲ್ಸ್ ಹಾಕಬೇಕು. ಮೇಲಿನ ಬಾಡಿಗೆದಾರರು ಇರುವಾಗ ಇದನ್ನು ಮಾಡಲಾಗುವುದಿಲ್ಲ, ಒಂದೇ ಬಾತ್‌ರೂಮ್ ಇದ್ದರೆ ಅವರು ಎಲ್ಲಿ ಹೋಗಬೇಕು? ಹಾಗಾಗಿ ಮನೆ ಖಾಲಿ ಆದ ಆ ಹದಿನೈದು ದಿನ ಬಹಳ ಬೆಲೆಯದ್ದು. ಬಣ್ಣದವನಿಗಿಂತ ಮೊದಲು ಪ್ಲಂಬರ್‌ನನ್ನು ಕರೆಯಿರಿ.

ಕಟ್ಟಿಸುವಾಗಲೇ ಪ್ರತಿ ಮನೆಗೆ ನೀರಿಗೆ ಬೇರೆ ಲೈನು, ಬೇರೆ ವಾಲ್ವ್ ಹಾಕಿಸಿ. ಒಂದು ಮನೆಯ ನಲ್ಲಿ ರಿಪೇರಿಗೆ ಇಡೀ ಕಟ್ಟಡದ ಟ್ಯಾಂಕ್ ಬಂದ್ ಮಾಡಬೇಕಾದ ಮನೆಗಳನ್ನು ಎಷ್ಟೋ ನೋಡಿದ್ದೇನೆ.

ಕೆಂಗೇರಿ ಸುಮಾ

ನೀರಿನ ವಿಷಯ ಬಂದದ್ದಕ್ಕೆ ಹೇಳುತ್ತೇನೆ. 2024ರ ಮಾರ್ಚ್ ನೆನಪಿದೆ ಅಲ್ವಾ? ಬೋರ್‌ವೆಲ್ ಬತ್ತಿ ಎಲ್ಲರೂ ಟ್ಯಾಂಕರ್ ಹಿಂದೆ ಓಡಿದ್ದು. ಆಗ ಜಿಲ್ಲಾಡಳಿತ ಟ್ಯಾಂಕರ್ ದರ ನಿಗದಿ ಮಾಡಿತು, ಐದು ಕಿಲೋಮೀಟರ್ ಒಳಗೆ 6,000 ಲೀಟರ್‌ಗೆ 600 ರೂಪಾಯಿ. ಆ ದರಕ್ಕೆ ನಮ್ಮ ಕಡೆ ಸುಲಭವಾಗಿ ಸಿಗಲಿಲ್ಲ. ನೀರಿನ ದುಡ್ಡು ಬಾಡಿಗೆಯಲ್ಲೇ ಸೇರಿದೆ ಅಂತ ಬರೆದಿದ್ದ ಮಾಲೀಕರೆಲ್ಲ ಕೈಯಿಂದ ಕಟ್ಟಿದರು. ಮನೆಯಲ್ಲಿರುವ ಜನರ ಲೆಕ್ಕದಲ್ಲಿ ನೀರಿನ ಬಿಲ್ ಹಂಚುವುದು, ಟ್ಯಾಂಕರ್ ತರಿಸಿದರೆ ಅದೂ ಹಂಚುವುದು ಅಂತ ಮೊದಲೇ ಬರೆದುಕೊಳ್ಳಿ. ಬೇಸಿಗೆಯಲ್ಲಿ ಕೂತು ಮಾತಾಡಿದರೆ ಯಾರಿಗೂ ಸಮಾಧಾನ ಆಗುವುದಿಲ್ಲ.

ಇನ್ನು ಗೃಹಜ್ಯೋತಿ. 2023ರ ಜುಲೈ ಬಳಕೆಯಿಂದ ಜಾರಿಗೆ ಬಂದ, ರಾಜ್ಯ ಸರ್ಕಾರದ ಉಚಿತ ಕರೆಂಟ್ ಯೋಜನೆ. ಬಾಡಿಗೆದಾರರೂ ತಮ್ಮ ಆಧಾರ್ ಅನ್ನು ಆ ಮನೆಯ ಆರ್‌ಆರ್ ನಂಬರಿಗೆ, ಅಂದರೆ ಕರೆಂಟ್ ಬಿಲ್ಲಿನಲ್ಲಿರುವ ಸಂಪರ್ಕ ಸಂಖ್ಯೆಗೆ, ಜೋಡಿಸಬಹುದು. ತೊಂದರೆ ಬರುವುದು ಅವರು ಬಿಟ್ಟು ಹೋದ ಮೇಲೆ. ಹಳಬರು ಡಿ-ಲಿಂಕ್ ಮಾಡದೆ, ಅಂದರೆ ಆ ಜೋಡಣೆ ಬಿಡಿಸದೆ, ಹೋದರೆ ಹೊಸಬರ ಅರ್ಜಿ ತಗೊಳ್ಳುವುದಿಲ್ಲ. ಅಡ್ವಾನ್ಸ್ ವಾಪಸ್ ಕೊಡುವ ದಿನವೇ ಎದುರಿಗೆ ಕೂರಿಸಿಕೊಂಡು ಡಿ-ಲಿಂಕ್ ಮಾಡಿಸಿಕೊಳ್ಳಿ. ಹಿಂದಿನ ಬಳಕೆಯ ಲೆಕ್ಕ ಇಲ್ಲದ ಹೊಸಬರಿಗೆ ಶುರುವಿನಲ್ಲಿ 200 ಯೂನಿಟ್ ಪೂರ್ತಿ ಉಚಿತ ಸಿಗುವುದಿಲ್ಲ, ರಾಜ್ಯದ ಸರಾಸರಿ 53 ಯೂನಿಟ್, ಅದರ ಮೇಲೆ ಶೇ 10 ಅಷ್ಟೇ. ಇದು ಗೊತ್ತಿಲ್ಲದೆ, ಮಾಲೀಕರೇ ಏನೋ ಮಾಡಿದ್ದಾರೆ ಅಂತ ಜಗಳಕ್ಕೆ ಬರುತ್ತಾರೆ.

ಯಲಹಂಕ ಫ್ಲ್ಯಾಟ್

ಬಾಡಿಗೆದಾರರು ಗೃಹಜ್ಯೋತಿ ಮಾಡಿಸಿದರೆ ನಮ್ಮ ಆಸ್ತಿ ತೆರಿಗೆ ಏರುತ್ತೆ ಅಂತ ಕೆಲವರು ಬಿಡುವುದೇ ಇಲ್ಲವಲ್ಲ?

ನಾಗರಭಾವಿ ಮೇಲ್ಮಹಡಿ

ಅದು ಏರುವುದಲ್ಲ, ಮೊದಲಿಂದಲೇ ಕಟ್ಟಬೇಕಾಗಿದ್ದದ್ದು. ಬೆಂಗಳೂರಿನಲ್ಲಿ ಬಾಡಿಗೆಗೆ ಕೊಟ್ಟ ಜಾಗದ ದರ ಸ್ವಂತ ವಾಸದ ದರದ ಎರಡರಷ್ಟು. ಬಹಳ ಜನ ಇಡೀ ಕಟ್ಟಡ ಸ್ವಂತ ವಾಸ ಅಂತ ಬರೆದು ಕಟ್ಟುತ್ತಾರೆ. ಒಂದು ಸೈಟಿನಲ್ಲಿ ನಾಲ್ಕು ಕರೆಂಟ್ ಮೀಟರ್ ಇದ್ದರೆ ಅದನ್ನು ಹಿಡಿಯುವುದು ಕಷ್ಟವೇ? ಎಷ್ಟೋ ಮನೆಗಳಿಗೆ ಹಿಂದಿನ ವರ್ಷಗಳ ವ್ಯತ್ಯಾಸ, ದಂಡ, ಬಡ್ಡಿ ಸೇರಿಸಿ ನೋಟಿಸ್ ಬಂತು. ವರ್ಷಕ್ಕೆ ಮೂರು ಸಾವಿರ ಉಳಿಸಲು ಹೋಗಿ ಒಟ್ಟಿಗೆ ದೊಡ್ಡ ಮೊತ್ತ ಕಟ್ಟಿದ ನಿವೃತ್ತರು ನಮ್ಮ ಬೀದಿಯಲ್ಲೇ ಇದ್ದಾರೆ. ಸರಿಯಾಗಿ ಬರೆದು, ಏಪ್ರಿಲ್‌ನಲ್ಲೇ ಕಟ್ಟಿ ಶೇ 5 ರಿಯಾಯಿತಿ ತಗೊಳ್ಳಿ.

ಲೆಕ್ಕಪತ್ರ ಮೈಸೂರು

ಆದಾಯ ತೆರಿಗೆ ಬಗ್ಗೆ ಇನ್ನೂ ಯಾರೂ ಬರೆದಿಲ್ಲ, ಚಿಕ್ಕದಾಗಿ ಹೇಳುತ್ತೇನೆ. ಬಂದ ಬಾಡಿಗೆಯಲ್ಲಿ ಮೊದಲು ಆ ವರ್ಷ ನೀವು ನಿಜವಾಗಿ ಕಟ್ಟಿದ ಆಸ್ತಿ ತೆರಿಗೆ ಕಳೆಯಿರಿ. ಉಳಿದದ್ದರಲ್ಲಿ ಶೇ 30 ಕಳೆಯಿರಿ. ಈ ಶೇ 30 ರಿಪೇರಿಗೆ ಅಂತ ಕೊಡುವ ವಿನಾಯಿತಿ, ಬಿಲ್ ಬೇಕಿಲ್ಲ. ಅದರ ಮೇಲೆ ಎಷ್ಟೇ ಖರ್ಚಾಗಿದ್ದರೂ ಸಿಗುವುದಿಲ್ಲ. ಬಾತ್‌ರೂಮ್ ಎಬ್ಬಿಸಿದ ವರ್ಷ 80,000 ಖರ್ಚಾದರೂ ಅಷ್ಟೇ. ಮೇಲಿನ ಲೆಕ್ಕದ ಮನೆಗೆ, ಒಂದು ತಿಂಗಳೂ ಖಾಲಿ ಬೀಳದ ವರ್ಷಕ್ಕೆ ಹಾಕಿದರೆ, 2,40,000ದಲ್ಲಿ ತೆರಿಗೆ 8,000 ಕಳೆದು 2,32,000. ಅದರ ಶೇ 30 ಅಂದರೆ 69,600 ಕಳೆದು 1,62,400 ನಿಮ್ಮ ಆದಾಯಕ್ಕೆ ಸೇರುತ್ತದೆ. ಎಫ್‌ಡಿ ಬಡ್ಡಿಗೆ ಈ ಶೇ 30 ಇಲ್ಲ, ಅಷ್ಟರ ಮಟ್ಟಿಗೆ ಬಾಡಿಗೆ ವಾಸಿ. ವಾಪಸ್ ಕೊಡಬೇಕಾದ ಅಡ್ವಾನ್ಸ್ ಆದಾಯ ಅಲ್ಲ.

ಕೊಡದೆ ಹೋದ ಬಾಡಿಗೆಯನ್ನು ಆದಾಯದಿಂದ ಬಿಡಬಹುದು, ಆದರೆ ಷರತ್ತುಗಳಿವೆ. ಆ ವ್ಯಕ್ತಿ ಮನೆ ಬಿಟ್ಟಿರಬೇಕು ಅಥವಾ ಬಿಡಿಸಲು ಕ್ರಮ ಆಗಿರಬೇಕು, ವಸೂಲಿಗೆ ಕಾನೂನು ಕ್ರಮ ತೆಗೆದುಕೊಂಡಿರಬೇಕು ಅಥವಾ ಅದರಿಂದ ಪ್ರಯೋಜನ ಇಲ್ಲ ಅಂತ ತೋರಿಸಬೇಕು. ಇಲ್ಲೂ ಕಾಗದವೇ ಕೈ ಹಿಡಿಯುವುದು.

ವರ್ಷಕ್ಕೆ ಒಂದು ಲಕ್ಷ ಮೀರಿ ಬಾಡಿಗೆ ಕೊಡುವ ನೌಕರರು ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ವಿನಾಯಿತಿ ಪಡೆಯಲು ನಿಮ್ಮ ಪ್ಯಾನ್ ಕೇಳುತ್ತಾರೆ. ಕೊಡಿ. ಕೊಟ್ಟ ಮೇಲೆ ಆ ಬಾಡಿಗೆ ಇಲಾಖೆಗೆ ಕಾಣುತ್ತದೆ, ಹಾಗಾಗಿ ರಿಟರ್ನ್‌ನಲ್ಲಿ ತೋರಿಸಿ.

ಡಲ್ಲಾಸ್ ಕನ್ನಡಿಗ

ಹೊರಗಿರುವ ನಮ್ಮಂಥವರಿಗೆ ಇನ್ನೊಂದು ತೊಡಕು. ಮಾಲೀಕರು ಅನಿವಾಸಿ ಆಗಿದ್ದರೆ ಬಾಡಿಗೆದಾರರು ಬಾಡಿಗೆ ಕೊಡುವಾಗಲೇ ಶೇ 30ರ ಮೇಲೆ ಸೆಸ್ ಸೇರಿಸಿ, ಅಂದರೆ ಶೇ 31.2, ಟಿಡಿಎಸ್, ಅಂದರೆ ಮೂಲದಲ್ಲೇ ತೆರಿಗೆ, ಹಿಡಿಯಬೇಕು. ತಿಂಗಳಿಗೆ 50,000 ದಾಟಿದರೆ ಮಾತ್ರ ಟಿಡಿಎಸ್ ಅನ್ನುವ ಮಿತಿ ಭಾರತದ ನಿವಾಸಿ ಮಾಲೀಕರಿಗೆ. ನಮಗೆ 15,000 ಬಾಡಿಗೆಗೂ ಹಿಡಿಯಬೇಕು. ಇದು ಬಾಡಿಗೆದಾರರಿಗೆ ಗೊತ್ತಿರುವುದಿಲ್ಲ, ಪೂರ್ತಿ ಬಾಡಿಗೆಯನ್ನು ಊರಿನಲ್ಲಿರುವ ಅಮ್ಮನ ಖಾತೆಗೆ ಹಾಕಿಬಿಡುತ್ತಾರೆ. ಮುಂದೆ ನೋಟಿಸ್ ಬಂದರೆ ಹೊಣೆ ಅವರದ್ದೇ ಆಗುತ್ತದೆ, ಪಾಪ. ಕರಾರಿನಲ್ಲೇ ಅನಿವಾಸಿ ಅಂತ ಬರೆಯಿರಿ. ಒಟ್ಟು ಆದಾಯ ಕಡಿಮೆ ಇದ್ದರೆ ಕಡಿಮೆ ದರದ ಪ್ರಮಾಣಪತ್ರಕ್ಕೆ ಇಲಾಖೆಗೆ ಅರ್ಜಿ ಹಾಕಬಹುದು.

ಧಾರವಾಡ ಸಪ್ತಾಪುರ

ನಮ್ಮದು ಬೇರೆ ಕಥೀರೀ. ಇಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರಿಗೆ ಖೋಲಿ ಬಾಡಿಗೆಗೆ ಕೊಡುತ್ತೇವೆ. ವಿಜಯಪುರ, ಬಾಗಲಕೋಟೆ, ಗದಗ, ಎಲ್ಲ ಕಡೆಯಿಂದ ಬರುತ್ತಾರೆ. ಅಡ್ವಾನ್ಸ್ ಭಾಳ ಇಲ್ಲ, ಹಾಗಾಗಿ ಆ ತಲೆನೋವು ಕಡಿಮೆ. ಆದರೆ ನೇಮಕಾತಿ ಪ್ರಕಟಣೆ ಬಂದರೆ ಖೋಲಿ ತುಂಬುತ್ತವೆ, ಬರದಿದ್ದರೆ ಖಾಲಿ. ನಮ್ಮ ಆದಾಯ ಸರ್ಕಾರದ ಪರೀಕ್ಷೆಯ ಮೇಲೆ ನಿಂತಿದೆ.

2020ರ ಲಾಕ್‌ಡೌನ್‌ನಲ್ಲಿ ಹುಡುಗರು ಖೋಲಿಗೆ ಕೀಲಿ ಹಾಕಿ ಊರಿಗೆ ಹೋದವರು ತಿಂಗಳುಗಟ್ಟಲೆ ಬರಲಿಲ್ಲ. ಒಳಗೆ ಅವರ ಪುಸ್ತಕ, ಟ್ರಂಕು, ಗ್ಯಾಸ್. ಬಾಡಿಗೆ ಕೇಳಿದರೆ, ಅಂಕಲ್ ನಮ್ಮಪ್ಪಗೂ ಕೆಲಸ ಇಲ್ಲ ಅಂದರು. ಸುಳ್ಳಲ್ಲ. ಬಿಟ್ಟೆವು. ಆದರೆ ನಮ್ಮ ಬ್ಯಾಂಕ್ ಕಂತು ನಿಲ್ಲಲಿಲ್ಲವಲ್ಲ. ಸಾಲ ಮಾಡಿ ಬಾಡಿಗೆ ಮನೆ ಕಟ್ಟುವವರು ಕನಿಷ್ಠ ಆರು ತಿಂಗಳ ಕಂತು ಕೈಯಲ್ಲಿ ಇಟ್ಟುಕೊಂಡೇ ಕಟ್ಟಿ. ಬಾಡಿಗೆ ಬಂದು ಕಂತು ಕಟ್ಟುತ್ತೆ ಅನ್ನುವ ಧೈರ್ಯ ಬೇಡ.

ಹಾಸನದ ಮಗಳು

ಅಪ್ಪ ತೀರಿಕೊಂಡ ಮೇಲೆ ಏನಾಗುತ್ತದೆ ಅಂತ ಹೇಳಬೇಕು ಅನ್ನಿಸಿತು. ಮನೆಯ ಖಾತೆ ಇನ್ನೂ ಅಪ್ಪನ ಹೆಸರಲ್ಲೇ ಇತ್ತು. ಬಾಡಿಗೆ ಅಮ್ಮ ತೆಗೆದುಕೊಳ್ಳುತ್ತಿದ್ದರು. ಅಣ್ಣ ತಮ್ಮಂದಿರಲ್ಲಿ ಮಾತು ಬಂತು. ಒಬ್ಬರು ಬಾಡಿಗೆದಾರರಿಗೆ ಫೋನ್ ಮಾಡಿ ನನಗೆ ಕೊಡಿ ಅಂದರು, ಇನ್ನೊಬ್ಬರು ಯಾರಿಗೂ ಕೊಡಬೇಡಿ ಅಂದರು. ಅವರು ಯಾರಿಗೂ ಕೊಡಲಿಲ್ಲ. ಅವರನ್ನು ಬೈಯುವ ಹಾಗೂ ಇರಲಿಲ್ಲ, ಯಾರಿಗೆ ಕೊಟ್ಟರೂ ಇನ್ನೊಬ್ಬರು ಕೇಳುತ್ತಿದ್ದರು. ಅಮ್ಮನ ಔಷಧಿ ಆ ಬಾಡಿಗೆಯಲ್ಲೇ ನಡೆಯಬೇಕಿತ್ತು.

ಕೊನೆಗೆ ಎಲ್ಲ ಮಕ್ಕಳೂ ಸೇರಿ, ಬಾಡಿಗೆ ಅಮ್ಮನ ಬ್ಯಾಂಕ್ ಖಾತೆಗೇ ಹೋಗಲಿ ಅಂತ ಸಹಿ ಹಾಕಿದ ಪತ್ರ ಕೊಟ್ಟ ಮೇಲೆ ಸರಿಯಾಯಿತು. ಮನೆಯಲ್ಲಿ ಹಿರಿಯರು ಇರುವಾಗಲೇ ಇದನ್ನು ಮಾತಾಡಿ. ಅಡ್ವಾನ್ಸ್ ಎಷ್ಟು ತಗೊಂಡಿದ್ದಾರೆ, ಎಲ್ಲಿಟ್ಟಿದ್ದಾರೆ ಅಂತಲೂ ಬರೆಸಿಡಿ. ನಮ್ಮ ಅಪ್ಪ ತಗೊಂಡ ಅಡ್ವಾನ್ಸ್ ಎಷ್ಟು ಅಂತ ನಮಗೆ ಗೊತ್ತಾದದ್ದು ಬಾಡಿಗೆದಾರರು ತೋರಿಸಿದ ಪತ್ರದಿಂದ. ಅವರು ಪ್ರಾಮಾಣಿಕರು, ಇದ್ದದ್ದನ್ನೇ ಹೇಳಿದರು.

ನಾಗರಭಾವಿ ಮೇಲ್ಮಹಡಿ

ನೀವು ಬರೆದದ್ದನ್ನು ಮಾವನಿಗೆ ಓದಿ ಹೇಳುತ್ತೇನಮ್ಮ. ಅವರ ಮನೆಯಲ್ಲೂ ಮೂವರು ಮಕ್ಕಳು.

ಕೆಂಗೇರಿ ಸುಮಾ

ವಕೀಲರೇ, ಪೊಲೀಸ್ ಠಾಣೆಗೆ ಬಾಡಿಗೆದಾರರ ವಿವರ ಕೊಡುವುದರಿಂದ ನಿಜವಾಗಿ ಉಪಯೋಗ ಇದೆಯಾ? ಮತ್ತೆ, ಖಾಲಿ ಮಾಡುವ ದಿನ ಏನು ಬರೆಸಿಕೊಳ್ಳಬೇಕು? ನಮ್ಮ ಮನೆ ಮುಂದಿನ ತಿಂಗಳು ಖಾಲಿ ಆಗುತ್ತಿದೆ.

ಸಿವಿಲ್ ಕೋರ್ಟ್ ಕಡೆಯವನು

ಉಪಯೋಗ ಇದೆ. ಆಧಾರ್ ಪ್ರತಿ, ಫೋಟೋ, ಊರಿನ ವಿಳಾಸ, ಕೆಲಸದ ಜಾಗದ ಗುರುತಿನ ಚೀಟಿ, ಜೊತೆಗೆ ಕರಾರಿನ ಪ್ರತಿ ಠಾಣೆಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಮಾದಕವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯಲ್ಲಿ, ಗೊತ್ತಿದ್ದೂ ತನ್ನ ಜಾಗವನ್ನು ಅಂಥ ಕೆಲಸಕ್ಕೆ ಬಿಟ್ಟ ಮಾಲೀಕರ ಮೇಲೂ ಕೇಸ್ ಆಗುತ್ತದೆ. ನೀವು ವಿಚಾರಿಸಿಯೇ ಕೊಟ್ಟಿರಿ ಅನ್ನುವುದಕ್ಕೆ ಆ ಸೀಲ್ ಒಂದು ಆಧಾರ.

ಖಾಲಿ ಮಾಡುವ ದಿನಕ್ಕೆ ದೊಡ್ಡ ಪತ್ರ ಬೇಡ. ಈ ಕೆಳಗಿನದ್ದನ್ನು ಎರಡು ಪ್ರತಿ ಬರೆದು, ಇಬ್ಬರೂ ಸಹಿ ಹಾಕಿ, ಒಂದೊಂದು ಇಟ್ಟುಕೊಳ್ಳಿ:

"ಈ ದಿನ ಇಂಥ ವಿಳಾಸದ ಮನೆಯನ್ನು ಬಾಡಿಗೆದಾರರು ಖಾಲಿ ಮಾಡಿ ಎಲ್ಲ ಕೀಲಿಗಳನ್ನು ಮಾಲೀಕರಿಗೆ ಒಪ್ಪಿಸಿದ್ದಾರೆ. ಮನೆಯ ಸ್ವಾಧೀನ ಮಾಲೀಕರಿಗೆ ಬಂದಿದೆ. ಕರೆಂಟ್ ಮೀಟರ್ ರೀಡಿಂಗ್ ಇಷ್ಟು, ನೀರಿನ ಬಾಕಿ ಇಷ್ಟು. ಅಡ್ವಾನ್ಸ್ ಇಷ್ಟರಲ್ಲಿ ಈ ಕಾರಣಕ್ಕೆ ಇಷ್ಟು ಕಳೆದು, ಉಳಿದ ಇಷ್ಟನ್ನು ಬ್ಯಾಂಕ್ ಮೂಲಕ ಈ ದಿನ ವಾಪಸ್ ಮಾಡಲಾಗಿದೆ. ಗೃಹಜ್ಯೋತಿ ಡಿ-ಲಿಂಕ್ ಆಗಿದೆ. ಇಬ್ಬರಿಂದಲೂ ಬೇರೆ ಯಾವ ಬಾಕಿಯೂ ಇಲ್ಲ."

ದುಡ್ಡು ಕೊಡುವ ಮೊದಲು ಮನೆಯೊಳಗೆ ಒಂದು ಸುತ್ತು ಹೋಗಿ, ಎಲ್ಲ ನಲ್ಲಿ ತಿರುಗಿಸಿ, ಎಲ್ಲ ಸ್ವಿಚ್ ಹಾಕಿ ನೋಡಿ. ಅಟ್ಟದಲ್ಲಿ ಅವರ ಸಾಮಾನು ಏನಾದರೂ ಉಳಿದಿದೆಯಾ ಅಂತಲೂ ನೋಡಿ. ಒಂದು ಪೆಟ್ಟಿಗೆ ಬಿಟ್ಟು ಹೋಗಿ, ನಾನಿನ್ನೂ ಖಾಲಿ ಮಾಡಿಲ್ಲ ಅಂತ ಹೇಳಿದ ಕೇಸು ನಡೆಸಿದ್ದೇನೆ.